ಸಿರ್ಸಿಯಲ್ಲಿ ಕೂತು ಈಬೇಯಲ್ಲಿ ಸ್ಟ್ಯಾಂಪ್ ಮಾರಿದ ಎರಡು ವರ್ಷ

ಈಬೇ ಅನ್ನುವ ಅಂತರ್ಜಾಲದ ಹರಾಜು ತಾಣದ ಹೆಸರೆತ್ತಿದ ಕೂಡಲೇ ನಮ್ಮ ಕಡೆ ಬಹಳ ಜನ ಕೇಳುವುದು ಒಂದೇ ಮಾತು, ‘ಅದು ಮುಚ್ಚಿ ಹೋಯ್ತಲ್ಲ?’ ಅಂತ. ಅರ್ಧ ಸರಿ. ಬಾಝೀ ಅನ್ನುವ ನಮ್ಮ ದೇಶದ ಹರಾಜು ತಾಣವನ್ನು 2004ರಲ್ಲಿ ಕೊಂಡು ಇಲ್ಲಿಗೆ ಬಂದಿದ್ದ ಈಬೇ, ತನ್ನ ಭಾರತದ ತಾಣವನ್ನು 2018ರ ಆಗಸ್ಟ್‌ನಲ್ಲಿ ಮುಚ್ಚಿತು. ಆದರೆ ನಿಂತದ್ದು ಇಲ್ಲಿಯವರು ಇಲ್ಲಿಯವರಿಗೆ ಮಾರುವ ವ್ಯಾಪಾರ ಮಾತ್ರ. ಇಲ್ಲಿ ಕೂತು ಹೊರದೇಶದವರಿಗೆ ಮಾರುವ ದಾರಿ ತೆರೆದೇ ಇದೆ. ಎರಡು ವರ್ಷದಿಂದ ನಾನು ಆ ದಾರಿಯಲ್ಲಿ ಅಂಚೆಚೀಟಿ ಮಾರುತ್ತಿದ್ದೇನೆ. ನನ್ನಂಥವರು ಅಂಗಡಿ ತೆರೆಯಬೇಕೋ ಬೇಡವೋ ಅಂತ ಸುಮಾರು ಜನ ಕೇಳಿದ್ದಾರೆ, ಅವರಿಗೆಲ್ಲ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಶುರುವಾದದ್ದು ಹೀಗೆ. ಕಾರವಾರ ಬಂದರಿನಲ್ಲಿ ಕೆಲಸಕ್ಕಿದ್ದ ನಮ್ಮ ದೊಡ್ಡಪ್ಪ ನಲವತ್ತು ವರ್ಷ ಅಂಚೆಚೀಟಿ ಕೂಡಿಟ್ಟರು. ಹಡಗಿನವರ ಹತ್ತಿರ ಕೇಳಿ ಪಡೆದದ್ದು, ಅಂಚೆ ಕಚೇರಿಗೆ ಹೊಸದು ಬಂದಾಗಲೆಲ್ಲ ಎರಡೆರಡು ಹಾಳೆ ಕೊಂಡದ್ದು, ಪತ್ರಮಿತ್ರರ ಜೊತೆ ಅದಲು ಬದಲು ಮಾಡಿಕೊಂಡದ್ದು. ಅವರು ಹೋದ ಮೇಲೆ ದೊಡ್ಡಮ್ಮ ಮೂರು ಟ್ರಂಕು ತಂದು ನನ್ನ ಎದುರಿಗೆ ಇಟ್ಟರು. ಆಲ್ಬಮ್ ಮನೆಯಲ್ಲೇ ಇರಲಿ, ಜೋಡಿ ಇರುವುದನ್ನು ಮಾರು ಅಂದರು. ಬೆಂಗಳೂರಿನ ಒಬ್ಬ ವ್ಯಾಪಾರಿ ಮೂರೂ ಟ್ರಂಕಿಗೆ ಸೇರಿಸಿ ಒಂದು ಮೊತ್ತ ಹೇಳಿದ್ದರು, ಕಡಿಮೆಯದೇನೂ ಅಲ್ಲ. ದೊಡ್ಡಮ್ಮ ಒಪ್ಪಲಿಲ್ಲ. ‘ಒಂದೇ ಸಲ ಕೊಟ್ಟು ಕೈ ತೊಳ್ಕಳಡ ತಮಾ, ಯಾರಿಗೆ ಬೇಕೋ ಅವಕ್ಕೇ ಸಿಗ್ಲಿ’ ಅಂದರು. ಒಂದೊಂದಾಗಿ, ಬೇಕಾದವರಿಗೇ ತಲುಪುವ ಹಾಗೆ ಮಾರುವುದು ಅಂದರೆ ಹರಾಜೇ ಸರಿ ಅಂತ ನನಗೂ ಅನ್ನಿಸಿತು.

ಹರಾಜು ನಮಗೇನು ಹೊಸದಲ್ಲ ಅಲ್ವಾ. ಸಿರ್ಸಿಯಲ್ಲಿ ಅಡಿಕೆ ಟೆಂಡರ್ ನೋಡಿಕೊಂಡೇ ಬೆಳೆದವರು ನಾವು. ಚಾಲಿ, ರಾಶಿ, ಬಿಳೆಗೋಟು, ಕೆಂಪುಗೋಟು ಅಂತ ಬೇರೆ ಬೇರೆ ಮಾಡಿ ಇಟ್ಟಿರುತ್ತಾರೆ. ವ್ಯಾಪಾರಿ ಬರುತ್ತಾನೆ, ಒಂದು ಮುಷ್ಟಿ ಎತ್ತಿ ಅಂಗೈಯಲ್ಲಿ ಹೊರಳಿಸುತ್ತಾನೆ, ನಾಲ್ಕು ಅಡಿಕೆ ಆರಿಸಿ ಅಡಕತ್ತರಿಯಲ್ಲಿ ಕತ್ತರಿಸಿ ಒಳಗಿನ ಬಣ್ಣ ನೋಡುತ್ತಾನೆ, ಮೂಗಿಗೂ ಹಿಡಿಯುತ್ತಾನೆ. ಆಮೇಲೆ ದರ ಬರೆಯುತ್ತಾನೆ. ಮೊದಲು ಚೀಟಿಯಲ್ಲಿ ಬರೆಯುತ್ತಿದ್ದರು, ಈಗ ಕಂಪ್ಯೂಟರಿನಲ್ಲಿ. ಯಾರು ಎಷ್ಟು ಬರೆದರು ಅಂತ ಇನ್ನೊಬ್ಬರಿಗೆ ಕಾಣುವುದಿಲ್ಲ, ಜಾಸ್ತಿ ಬರೆದವನಿಗೆ ಮಾಲು, ಅವನು ಬರೆದಷ್ಟೇ ದರ.

ಈಬೇಯ ಹರಾಜು ಇದಕ್ಕಿಂತ ಬೇರೆ ಥರ. ಅಲ್ಲಿ ಕೊಳ್ಳುವವನು ತಾನು ಕೊಡಬಲ್ಲ ಗರಿಷ್ಠ ಮೊತ್ತವನ್ನು ಗುಟ್ಟಾಗಿ ತಾಣಕ್ಕೆ ಹೇಳಿಡುತ್ತಾನೆ. ನಾನು ಒಂದು ಲಾಟನ್ನು, ಅಂದರೆ ಹರಾಜಿಗೆ ಒಟ್ಟಿಗೆ ಇಟ್ಟ ಮಾಲನ್ನು, 3 ಡಾಲರ್‌ಗೆ ಶುರು ಮಾಡಿದೆ ಅಂತ ಇಟ್ಟುಕೊಳ್ಳಿ. ಮೊದಲನೆಯವನು 20 ಡಾಲರ್ ಹೇಳಿಟ್ಟರೂ ಪರದೆಯ ಮೇಲೆ ಬೆಲೆ 3 ಅಂತಲೇ ಕಾಣುತ್ತದೆ. ಎರಡನೆಯವನು ಬಂದು 12 ಅಂದರೆ ಬೆಲೆ 12.50ಕ್ಕೆ ಏರುತ್ತದೆ, ಮೊದಲನೆಯವನೇ ಮುಂದೆ ಇರುತ್ತಾನೆ. ಮತ್ತೆ ಯಾರೂ ಬರದಿದ್ದರೆ ಅವನಿಗೆ ಮಾಲು 12.50ಕ್ಕೆ ಸಿಗುತ್ತದೆ, 20ಕ್ಕಲ್ಲ. ಅಂದರೆ ಗೆದ್ದವನು ಕೊಡುವುದು ಎರಡನೆಯವನಿಗಿಂತ ಒಂದು ಮೆಟ್ಟಿಲು ಮೇಲೆ. ಇದು ತಲೆಗೆ ಹೋದ ಮೇಲೆ ನನಗೆ ಒಂದು ವಿಷಯ ಸ್ಪಷ್ಟವಾಯಿತು. ಒಬ್ಬ ಹುಚ್ಚು ಅಭಿಮಾನಿ ಇದ್ದರೆ ಸಾಲದು, ಇಬ್ಬರು ಬೇಕು. ಆ ಇಬ್ಬರೂ ನಮ್ಮ ಮಾಲನ್ನು ನಂಬಬೇಕು. ಮುಟ್ಟಿ ನೋಡದೆ, ಕತ್ತರಿಸಿ ನೋಡದೆ ನಂಬಬೇಕು. ಟೆಂಡರ್ ಅಂಗಳದಲ್ಲಿ ವ್ಯಾಪಾರಿಯ ಕೈ ಮಾಡುವ ಕೆಲಸವನ್ನು ಇಲ್ಲಿ ಮಾರುವವನೇ ಮಾಡಿ ತೋರಿಸಬೇಕು. ಈ ಅಂಗಡಿಯ ಜೀವ ಇರುವುದೇ ಅಲ್ಲಿ ಅಂತ ನಾನು ನಂಬಿದ್ದೇನೆ.

ಯಾರಿಗೆ ಇದು ಬೇಡ ಅನ್ನುವುದನ್ನೂ ಹೇಳುತ್ತೇನೆ. ಪಕ್ಕದ ಮನೆಯವರು ಅಪ್ಪೆಮಿಡಿ ಉಪ್ಪಿನಕಾಯಿ, ಜೋನಿ ಬೆಲ್ಲ ಹಾಕಬಹುದಾ ಅಂತ ಕೇಳಿದರು. ಬೇಡ ಅಂದೆ. ತಿನ್ನುವ ವಸ್ತುವಿಗೆ ಒಂದೊಂದು ದೇಶದಲ್ಲಿ ಒಂದೊಂದು ಕಟ್ಟಳೆ, ಅದು ಬೇರೆಯದೇ ತಲೆನೋವು. ಅದಕ್ಕಿಂತ ಮುಖ್ಯ, ನೂರು ಬಾಟಲಿಯೂ ಒಂದೇ ಥರ ಇರುವ ಮಾಲಿಗೆ ಹರಾಜು ಯಾಕೆ? ಅದರ ಬೆಲೆ ನಿಮಗೇ ಗೊತ್ತಿದೆ. ಬೆಲೆ ಎಷ್ಟು ಅಂತ ಯಾರಿಗೂ ಸರಿಯಾಗಿ ಗೊತ್ತಿಲ್ಲದ ವಸ್ತುವಿಗೆ ಹರಾಜು. ಹಳೇ ಸ್ಟ್ಯಾಂಪು, ಹಳೇ ಬೆಂಕಿಪೊಟ್ಟಣದ ಚೀಟಿ, ನಿಂತುಹೋದ ಕ್ಯಾಮೆರಾದ ಬಿಡಿಭಾಗ, ಇಂಥವು. ಕಂಪನಿ ಶುರುವಾದ ಕಥೆಯೂ ಅದನ್ನೇ ಹೇಳುತ್ತದೆ. 1995ರಲ್ಲಿ ಪಿಯೆರ್ ಒಮಿಡ್ಯಾರ್ ಈ ತಾಣ ಶುರು ಮಾಡಿದಾಗ ಮೊದಲು ಮಾರಾಟವಾದದ್ದು ಕೆಟ್ಟುಹೋದ ಒಂದು ಲೇಸರ್ ಪಾಯಿಂಟರ್, 14.83 ಡಾಲರ್‌ಗೆ. ಕೆಟ್ಟಿದೆ ಅಂತ ಗೊತ್ತಿದ್ದೇ ಕೊಂಡವರು ಇದ್ದರು.

ಖಾತೆ ತೆರೆಯುವ ಕೆಲಸ ಹೆದರುವಷ್ಟು ದೊಡ್ಡದಲ್ಲ, ಆದರೆ ಒಂದೇ ದಿನದಲ್ಲಿ ಆಗುವುದೂ ಅಲ್ಲ. ಪ್ಯಾನ್, ಬ್ಯಾಂಕ್ ಖಾತೆ, ವಿಳಾಸದ ದಾಖಲೆ ಬೇಕು. ಹೊರದೇಶಕ್ಕೆ ಮಾಲು ಕಳಿಸುವುದರಿಂದ ಐಇಸಿ ನಂಬರ್, ಅಂದರೆ ಆಮದು ರಫ್ತು ಮಾಡುವವರಿಗೆ ಸರ್ಕಾರ ಕೊಡುವ ನಂಬರ್ ಬೇಕು. ಅದನ್ನು ಕೇಂದ್ರ ಸರ್ಕಾರದ ವಿದೇಶ ವ್ಯಾಪಾರದ ಕಚೇರಿಯಾದ ಡಿಜಿಎಫ್‌ಟಿ ತಾಣದಲ್ಲಿ 500 ರೂಪಾಯಿ ಕಟ್ಟಿ ನೀವೇ ಮಾಡಿಕೊಳ್ಳಬಹುದು, ಮಧ್ಯವರ್ತಿಗೆ ಸಾವಿರಗಟ್ಟಲೆ ಕೊಡುವ ಅಗತ್ಯವೇ ಇಲ್ಲ. ಪ್ರತಿವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಅದರ ವಿವರವನ್ನು ಒಮ್ಮೆ ಖಚಿತಪಡಿಸಬೇಕು, ಮರೆತರೆ ನಂಬರ್ ನಿಷ್ಕ್ರಿಯವಾಗುತ್ತದೆ. ನಾನು ಮೊಬೈಲಿನಲ್ಲಿ ಏಪ್ರಿಲ್ ಒಂದಕ್ಕೆ ಅಲಾರಂ ಇಟ್ಟುಕೊಂಡಿದ್ದೇನೆ. ಮಾರಾಟದ ದುಡ್ಡು ಪಯೋನೀರ್ ಅನ್ನುವ ಹಣ ಪಾವತಿ ಕಂಪನಿಯ ಮೂಲಕ ಬರುತ್ತದೆ, ಡಾಲರ್‌ನಿಂದ ರೂಪಾಯಿ ಆಗುವಾಗ ಒಂದಿಷ್ಟು ಕಡಿತ. ತೆರಿಗೆ, ಜಿಎಸ್‌ಟಿ ಸಂಗತಿಯನ್ನು ನಿಮ್ಮ ಲೆಕ್ಕ ನೋಡುವವರ ಹತ್ತಿರ ಕೇಳಿಯೇ ಮುಂದುವರಿಯಿರಿ, ನನ್ನ ಮಾತು ನಂಬಿ ಬೇಡ.

ಹೊಸ ಅಂಗಡಿಗೆ ತಿಂಗಳಿಗೆ ಇಷ್ಟೇ ವಸ್ತು, ಇಷ್ಟೇ ಮೊತ್ತ ಅಂತ ಮಿತಿ ಇರುತ್ತದೆ. ಮಾರಾಟ ಸರಿಯಾಗಿ ನಡೆದ ಹಾಗೆ ಅದು ಏರುತ್ತದೆ. ಮೊದಲಿಗೆ ನನಗೆ ಅಷ್ಟೇನಾ ಅನ್ನಿಸಿತ್ತು. ಈಗ ನೋಡಿದರೆ ಅದು ಒಳ್ಳೆಯದೇ ಆಯಿತು. ಮೂರು ಟ್ರಂಕು ಒಟ್ಟಿಗೆ ಬಿಚ್ಚಿ ನೂರು ಲಾಟ್ ಹಾಕಿದ್ದರೆ ಒಂದನ್ನೂ ಸರಿಯಾಗಿ ವಿವರಿಸಲು ಆಗುತ್ತಿರಲಿಲ್ಲ. ಹಾಗೇ, ತಿಂಗಳ ಬಾಡಿಗೆ ಕಟ್ಟಿ ‘ಸ್ಟೋರ್’ ತಗೊಳ್ಳಿ ಅಂತ ಆಯ್ಕೆ ಬರುತ್ತದೆ. ಮೊದಲ ವರ್ಷ ಅದು ಬೇಡ. ತಿಂಗಳಿಗೆ ಹತ್ತಿಪ್ಪತ್ತು ಲಾಟ್ ಹಾಕುವವರಿಗೆ ಅದರಿಂದ ಏನೂ ಉಪಯೋಗವಿಲ್ಲ.

ದಲಾಲಿ ವಿಷಯಕ್ಕೆ ಬರುತ್ತೇನೆ, ಎಲ್ಲರೂ ಮೊದಲು ಕೇಳುವುದೇ ಅದು. ಈಬೇಯ ದಲಾಲಿ ವಿಭಾಗಕ್ಕೆ ತಕ್ಕ ಹಾಗೆ ಬದಲಾಗುತ್ತದೆ. ಸ್ಟ್ಯಾಂಪಿನಂಥ ಸಂಗ್ರಹದ ವಸ್ತುಗಳಿಗೆ ಶೇಕಡಾ 13ರ ಆಸುಪಾಸು ಅಂತ ಲೆಕ್ಕ ಹಾಕಿಕೊಳ್ಳಿ. ಅದರ ಮೇಲೆ ಆರ್ಡರ್ ಒಂದಕ್ಕೆ ಸಣ್ಣ ಮೊತ್ತ ಬೇರೆ. ಬಹಳ ಜನ ಗಮನಿಸದ ಸಂಗತಿ ಏನೆಂದರೆ, ಆ 13 ಬೀಳುವುದು ಮಾಲಿನ ಬೆಲೆಯ ಮೇಲೆ ಮಾತ್ರ ಅಲ್ಲ, ಗ್ರಾಹಕ ಕೊಟ್ಟ ಅಂಚೆ ಖರ್ಚು ಸೇರಿ ಒಟ್ಟು ಮೊತ್ತದ ಮೇಲೆ. 12.50ಕ್ಕೆ ಹೋದ ಲಾಟಿಗೆ 4 ಡಾಲರ್ ಅಂಚೆ ಖರ್ಚು ಸೇರಿದರೆ 16.50. ಅದರಲ್ಲಿ ಸುಮಾರು 2.15 ದಲಾಲಿ. ನಿಜವಾದ ಅಂಚೆ ಖರ್ಚು, ರಟ್ಟು, ಕವರ್ ಎಲ್ಲ ಕಳೆದು ಉಳಿದದ್ದು ನಮ್ಮದು. ಹಾಗಾಗಿ ಒಂದೆರಡು ಡಾಲರಿನ ವಸ್ತುವನ್ನು ಬಿಡಿಯಾಗಿ ಹಾಕಿದರೆ ಏನೂ ಗಿಟ್ಟುವುದಿಲ್ಲ. ಐದಾರು ಸೇರಿಸಿ ಒಂದು ಲಾಟ್ ಮಾಡಿ. ದಲಾಲಿ ಜಾಸ್ತಿಯಾ ಅಂದರೆ ಹೌದು, ನನ್ನ ಮಟ್ಟಿಗೆ ಜಾಸ್ತಿಯೇ. ಆದರೆ ಸಿರ್ಸಿಯಲ್ಲಿ ಇರುವ ನನಗೆ ಫಿನ್ಲೆಂಡಿನಲ್ಲಿ ಮಸಾಲೆ ಸ್ಟ್ಯಾಂಪ್ ಹುಡುಕುತ್ತಿರುವ ಮನುಷ್ಯನನ್ನು ಬೇರೆ ಯಾರು ತೋರಿಸಿಕೊಡುತ್ತಿದ್ದರು? ಆ ಪರಿಚಯಕ್ಕೆ ಕೊಟ್ಟ ದುಡ್ಡು ಅಂತ ನಾನು ಒಪ್ಪಿಕೊಂಡಿದ್ದೇನೆ.

ಈಗ ಫೋಟೋ ಮತ್ತು ವಿವರಣೆ. ಇಲ್ಲಿ ನಿಧಾನವಾಗಿ ಹೇಳಬೇಕು.

ಒಂದು ಲಾಟಿಗೆ 24 ಫೋಟೋ ತನಕ ಹಾಕಬಹುದು, ತಲೆಬರಹಕ್ಕೆ 80 ಅಕ್ಷರ. ಮೊದಲು ನಾನು ಮುಂಭಾಗದ ಒಂದು ಚಂದದ ಫೋಟೋ ಹಾಕಿ ಸುಮ್ಮನಿರುತ್ತಿದ್ದೆ. ಸ್ಟ್ಯಾಂಪ್ ಕೊಳ್ಳುವವರು ನೋಡುವುದು ಮುಂಭಾಗಕ್ಕಿಂತ ಹಿಂಭಾಗ ಅಂತ ಗೊತ್ತಿರಲಿಲ್ಲ. ಅಂಟು ಪೂರ್ತಿ ಇದೆಯಾ, ಆಲ್ಬಮ್ಮಿಗೆ ಅಂಟಿಸುವ ಸಣ್ಣ ಕಾಗದದ ಹಿಂಜ್ ಗುರುತು ಇದೆಯಾ, ಎಲ್ಲಾದರೂ ಕಾಗದ ಸವೆದು ತೆಳುವಾಗಿದೆಯಾ, ಅಂಚಿನ ಹಲ್ಲು ಮುರಿದಿದೆಯಾ. ಬೆಲೆ ನಿಂತಿರುವುದೇ ಇದರ ಮೇಲೆ. ಈಗ ನಾನು ಪ್ರತಿಯೊಂದನ್ನೂ ಚಿಮುಟದಲ್ಲಿ ಎತ್ತಿ ಕಪ್ಪು ರಟ್ಟಿನ ಮೇಲೆ ಇಟ್ಟು ಹಿಂದೆ ಮುಂದೆ ಎರಡೂ ಫೋಟೋ ತೆಗೆಯುತ್ತೇನೆ. ಆಮೇಲೆ ಕಿಟಕಿಗೆ ಎದುರು ಹಿಡಿದು ಬೆಳಕು ಹಾಯಿಸಿ ಇನ್ನೊಂದು. ತೆಳುವಾದ ಜಾಗ ಇದ್ದರೆ ಬೆಳಕಿಗೆ ಹಿಡಿದಾಗ ಎಣ್ಣೆ ಬಿದ್ದ ಕಾಗದದ ಹಾಗೆ ಕಾಣುತ್ತದೆ.

ಬೆಳಕಿಗೆ ಹಿಡಿಯುವುದಕ್ಕೆ ಇನ್ನೊಂದು ಕಾರಣ ಇದೆ. 1957ರ ಏಪ್ರಿಲ್‌ನಲ್ಲಿ ಆಣೆ ಹೋಗಿ ನಯಾ ಪೈಸೆ ಬಂದಾಗ ಭಾರತದ ನಕ್ಷೆ ಇರುವ ಸ್ಟ್ಯಾಂಪುಗಳು ಬಂದವು. ಮೊದಲು ಬಂದದ್ದರ ಕಾಗದದೊಳಗೆ ನಕ್ಷತ್ರದ ನೀರುಗುರುತು ಇದೆ, 1958ರಿಂದ ಬಂದದ್ದರಲ್ಲಿ ಅಶೋಕ ಸ್ತಂಭದ ಸಿಂಹದ್ದು. ಮುಂದಿನಿಂದ ನೋಡಿದರೆ ಎರಡಕ್ಕೂ ಒಂದೇ ಮುಖ. ದೊಡ್ಡಪ್ಪ ಇವನ್ನು ಬೇರೆ ಬೇರೆ ಲಕೋಟೆಯಲ್ಲಿ ಹಾಕಿ ಮೇಲೆ ಪೆನ್ಸಿಲಿನಲ್ಲಿ ಒಂದರ ಮೇಲೆ ನಕ್ಷತ್ರದ ಚಿತ್ರ, ಇನ್ನೊಂದರ ಮೇಲೆ ‘ಸಿಂ’ ಅಂತ ಬರೆದಿಟ್ಟಿದ್ದರು. ಮೊದಲ ತಿಂಗಳು ಅದರ ಅರ್ಥ ತಿಳಿಯದೆ ಎರಡನ್ನೂ ಒಂದೇ ಲಾಟಿನಲ್ಲಿ ಸೇರಿಸುವುದರಲ್ಲಿದ್ದೆ. ಕ್ಯಾಟಲಾಗ್ ತಿರುವಿ ಹಾಕಿದಾಗ ಗೊತ್ತಾಯಿತು. ಸ್ಟ್ಯಾಂಪುಗಳಿಗೆ ನಂಬರ್ ಕೊಟ್ಟು ಪಟ್ಟಿ ಮಾಡಿರುವ ಸ್ಟ್ಯಾನ್ಲಿ ಗಿಬ್ಬನ್ಸ್ ಅಥವಾ ಸ್ಕಾಟ್ ಕ್ಯಾಟಲಾಗಿನ ನಂಬರನ್ನು ತಲೆಬರಹದಲ್ಲಿ ಹಾಕಿ, ಹುಡುಕುವವರು ಅದನ್ನೇ ಹೊಡೆದು ಹುಡುಕುತ್ತಾರೆ.

ನನ್ನಿಂದ ಒಂದು ದೊಡ್ಡ ತಪ್ಪಾಯಿತು. ಹನ್ನೆರಡು ಸ್ಟ್ಯಾಂಪಿನ ಒಂದು ಲಾಟಿಗೆ ‘ಎಂಎನ್‌ಎಚ್’ ಅಂತ ಬರೆದೆ. ಅಂದರೆ ಬಳಸಿಲ್ಲ, ಹಿಂಜ್ ಕೂಡ ಹಚ್ಚಿಲ್ಲ ಅಂತ. ಹನ್ನೊಂದರ ಹಿಂಭಾಗ ನೋಡಿದ್ದೆ, ಕೊನೆಯದನ್ನು ನೋಡಿರಲಿಲ್ಲ. ಇಂಗ್ಲೆಂಡಿನ ಗ್ರಾಹಕರೊಬ್ಬರು ಆ ಹನ್ನೆರಡನೆಯದರ ಫೋಟೋ ಕಳಿಸಿದರು. ಮಧ್ಯದಲ್ಲಿ ಉಗುರಿನಷ್ಟು ಹಿಂಜ್ ಗುರುತು ಸ್ಪಷ್ಟವಾಗಿತ್ತು. ಕೋಪದ ಮಾತೇನೂ ಬರೆದಿರಲಿಲ್ಲ, ಇದನ್ನು ನೀವು ನೋಡಿಲ್ಲ ಅನ್ನಿಸುತ್ತದೆ ಅಂತ ಅಷ್ಟೇ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೆಳಗ್ಗೆ ಪೂರ್ತಿ ಹಣ ವಾಪಸ್ ಮಾಡಿ, ಸ್ಟ್ಯಾಂಪ್ ನಿಮ್ಮಲ್ಲೇ ಇರಲಿ ಅಂತ ಬರೆದೆ. ವಿವರಣೆಗೆ ತಕ್ಕ ಹಾಗೆ ಮಾಲು ಇಲ್ಲದಿದ್ದರೆ ತಲುಪಿದ 30 ದಿನದೊಳಗೆ ಗ್ರಾಹಕ ಹಣ ವಾಪಸ್ ಕೇಳಬಹುದು ಅನ್ನುವುದು ತಾಣದ ನಿಯಮವೇ. ‘ವಾಪಸ್ ಇಲ್ಲ’ ಅಂತ ನಾವು ಬೋರ್ಡು ಹಾಕಿಕೊಂಡರೂ ಅದು ತಪ್ಪುವುದಿಲ್ಲ. ಆದರೆ ನಾನು ನಿಯಮಕ್ಕೆ ಹೆದರಿ ಮಾಡಿದ್ದಲ್ಲ. ದೊಡ್ಡಪ್ಪನ ಸ್ಟ್ಯಾಂಪು ಸುಳ್ಳು ಹೆಸರಿನಲ್ಲಿ ಹೋಗಿತ್ತು, ಅದು ಸರಿ ಇರಲಿಲ್ಲ. ಆ ಗ್ರಾಹಕರು ಆಮೇಲೂ ನನ್ನಿಂದ ಕೊಂಡಿದ್ದಾರೆ.

ಅಂದಿನಿಂದ ದೋಷವನ್ನೇ ವಿವರಣೆಯ ಮೊದಲ ಸಾಲಿನಲ್ಲಿ ಬರೆಯುತ್ತೇನೆ. ‘ಮೂರನೆಯದರ ಬಲ ಮೂಲೆಯಲ್ಲಿ ಕಂದು ಚುಕ್ಕೆ, ಐದನೆಯ ಫೋಟೋ ನೋಡಿ’ ಹೀಗೆ. ಬೆಲೆ ಬೀಳುತ್ತದೆ ಅಂತ ಮೊದಲು ಅಳುಕಿತ್ತು. ನನ್ನ ಅಂಗಡಿಯಲ್ಲಿ ಆದದ್ದು ಉಲ್ಟಾ. ದೋಷ ಬರೆದ ಲಾಟ್‌ಗಳಿಗೆ ಪ್ರಶ್ನೆ ಕಡಿಮೆ, ಬಿಡ್ ಜಾಸ್ತಿ. ಖಾತ್ರಿ ಇಲ್ಲದ್ದನ್ನು ಹಾಕುವುದೇ ಇಲ್ಲ. 1948ರ ಆಗಸ್ಟ್ 15ಕ್ಕೆ ಬಂದ ನಾಲ್ಕು ಗಾಂಧಿ ಸ್ಟ್ಯಾಂಪುಗಳಲ್ಲಿ ಹತ್ತು ರೂಪಾಯಿಯದು ಟ್ರಂಕಿನಲ್ಲಿ ಒಂದಿದೆ. ಅದರ ನಕಲಿಗಳು ಬೇಕಾದಷ್ಟಿವೆ. ತಜ್ಞರ ಪ್ರಮಾಣಪತ್ರ ಸಿಗುವ ತನಕ ಅದು ಟ್ರಂಕಿನಲ್ಲೇ ಇರುತ್ತದೆ.

ವಿವರಣೆಗೆ ಎರಡು ಸಾಲು ಕಥೆ ಸೇರಿಸುವುದು ನನಗೆ ಇಷ್ಟ. 2009ರಲ್ಲಿ ನಮ್ಮ ಅಂಚೆ ಇಲಾಖೆ ಮಸಾಲೆ ಪದಾರ್ಥಗಳ ಸ್ಟ್ಯಾಂಪ್ ತಂದಿತು, ಅದರಲ್ಲಿ ಕಾಳುಮೆಣಸಿನದೂ ಒಂದು. ಅದನ್ನು ಹಾಕುವಾಗ, ಇದನ್ನು ಮಾರುತ್ತಿರುವವನ ಮನೆಯ ಅಡಿಕೆ ಮರಕ್ಕೆ ಈಗಲೂ ಮೆಣಸಿನ ಬಳ್ಳಿ ಹಬ್ಬಿದೆ, ಹದಿನಾರನೇ ಶತಮಾನದಲ್ಲಿ ಇಲ್ಲೇ ಹತ್ತಿರದ ಗೇರುಸೊಪ್ಪೆಯಲ್ಲಿ ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಅಂತ ಕರೆಯುತ್ತಿದ್ದರು ಅಂತ ಬರೆದೆ. ಮಸಾಲೆಯನ್ನೇ ವಿಷಯ ಮಾಡಿಕೊಂಡು ಸಂಗ್ರಹಿಸುವವರು ಇದ್ದಾರೆ ಅಂತ ನನಗೆ ತಿಳಿದದ್ದೇ ಆ ಲಾಟಿನಿಂದ. ಫಿನ್ಲೆಂಡಿನವರು ಗೆದ್ದರು, ಆಮೇಲೆ ಬಳ್ಳಿಯ ಫೋಟೋ ಕೇಳಿದರು. ಕಳಿಸಿದೆ. ಹಾಗೇ 2006ರ ಗಂಧದ ಪರಿಮಳದ ಸ್ಟ್ಯಾಂಪ್ ಹಾಕಿದಾಗ, ಪರಿಮಳ ಈಗಲೂ ಇದೆಯಾ ಅಂತ ಒಬ್ಬರು ಕೇಳಿದರು. ಲಕೋಟೆ ಬಿಚ್ಚಿ ನಾನೂ ದೊಡ್ಡಮ್ಮನೂ ಇಬ್ಬರೂ ಮೂಸಿ ನೋಡಿದೆವು. ಲಕೋಟೆ ಬಿಚ್ಚಿದ ಕ್ಷಣಕ್ಕೆ ಸಣ್ಣಗೆ ಬಂತು, ಆಮೇಲೆ ಇಲ್ಲ. ಅದನ್ನು ಹಾಗೇ ಬರೆದೆ.

ಸಮಯದ ಲೆಕ್ಕ ಬಹಳ ಮುಖ್ಯ, ಇದನ್ನು ಯಾರೂ ಹೇಳಿಕೊಡುವುದಿಲ್ಲ. ಹರಾಜು 1, 3, 5, 7 ಅಥವಾ 10 ದಿನ ಇಡಬಹುದು. ಯಾವ ಗಂಟೆಗೆ ಶುರುವಾಯಿತೋ ಕೊನೆಯ ದಿನ ಅದೇ ಗಂಟೆಗೆ ಮುಗಿಯುತ್ತದೆ. ಕೊನೆಯ ಕ್ಷಣದಲ್ಲಿ ಬಿಡ್ ಬಂತು ಅಂತ ಗಡಿಯಾರ ನಿಲ್ಲುವುದಿಲ್ಲ, ಅದಕ್ಕೇ ಅನುಭವಿಗಳು ಕೊನೆಯ ಹತ್ತು ಸೆಕೆಂಡಿಗೆ ಬಂದು ಹೊಡೆಯುತ್ತಾರೆ. ನಾನು ಮೊದಮೊದಲು ಬೆಳಗ್ಗೆ ತಿಂಡಿ ಆದ ಮೇಲೆ ಹತ್ತು ಗಂಟೆಗೆ ಹಾಕುತ್ತಿದ್ದೆ. ಅದು ಮುಗಿಯುವ ಹೊತ್ತಿಗೆ ಲಂಡನ್ನಿನಲ್ಲಿ ಬೆಳಗಿನ ಜಾವ, ನ್ಯೂಯಾರ್ಕಿನಲ್ಲಿ ಜನ ಮಲಗಿದ್ದಾರೆ. ಈಗ ಏಳು ದಿನದ ಹರಾಜು, ಭಾನುವಾರ ಮಧ್ಯರಾತ್ರಿ ಕಳೆದು ಹನ್ನೆರಡೂವರೆಗೆ ಮುಗಿಯುವ ಹಾಗೆ ಮೊದಲೇ ಹೊಂದಿಸಿಡುತ್ತೇನೆ. ಬೇಸಿಗೆಯಲ್ಲಿ ಅದು ಲಂಡನ್ನಿನ ಭಾನುವಾರ ರಾತ್ರಿ ಎಂಟು, ನ್ಯೂಯಾರ್ಕಿನ ಮಧ್ಯಾಹ್ನ ಮೂರು. ಚಳಿಗಾಲಕ್ಕೆ ಎರಡೂ ಕಡೆ ಒಂದು ಗಂಟೆ ಹಿಂದೆ. ಎರಡೂ ಕಡೆಯವರು ಎಚ್ಚರವಿರುತ್ತಾರೆ, ರಜೆಯಲ್ಲಿರುತ್ತಾರೆ. ಇದೊಂದೇ ಬದಲಾವಣೆಯಿಂದ ಬಿಡ್ ಬರದೆ ಉಳಿಯುವ ಲಾಟ್ ನನಗೆ ಬಹಳ ಕಡಿಮೆಯಾಯಿತು.

ಕಳಿಸುವ ವಿಷಯದಲ್ಲಿ ನನ್ನ ಆಯ್ಕೆ ಅಂಚೆಯೇ. ಒಂದು ಖಾಸಗಿ ಕೊರಿಯರಿನಲ್ಲಿ ಒಮ್ಮೆ ಕಳಿಸಿದ್ದೆ. ‘ಮಡಚಬೇಡಿ’ ಅಂತ ದಪ್ಪ ಅಕ್ಷರದಲ್ಲಿ ಬರೆದಿದ್ದರೂ ಲಕೋಟೆ ನಡುವೆ ಮಡಚಿ ತಲುಪಿತು, ಒಳಗಿನ ಮಿನಿಯೇಚರ್ ಹಾಳೆಗೆ, ಅಂದರೆ ಸ್ಟ್ಯಾಂಪ್ ಅಚ್ಚಾದ ಪುಟ್ಟ ಅಲಂಕಾರದ ಹಾಳೆಗೆ, ಗೀರು ಬಿತ್ತು. ಅದರ ಹಣವನ್ನೂ ವಾಪಸ್ ಕೊಟ್ಟೆ. ಅಲ್ಲಿಂದ ಪ್ಯಾಕಿಂಗ್ ಕಲಿತೆ. ಸ್ಟ್ಯಾಂಪನ್ನು ಗ್ಲಾಸೀನ್ ಅನ್ನುವ ನುಣುಪು ಕಾಗದದ ಲಕೋಟೆಗೆ ಹಾಕಬೇಕು. ಅದನ್ನು ತೆಳು ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟು ಬಾಯಿ ಮುಚ್ಚಬೇಕು, ನಮ್ಮ ಮಳೆಗೆ ಅದಿಲ್ಲದೆ ಆಗದು. ಆಮೇಲೆ ಎರಡು ರಟ್ಟು, ಒಂದರ ಗೆರೆ ಉದ್ದಕ್ಕೆ, ಇನ್ನೊಂದರ ಗೆರೆ ಅಡ್ಡಕ್ಕೆ ಬರುವ ಹಾಗೆ. ಹಾಗೆ ಇಟ್ಟರೆ ಯಾವ ಕಡೆಗೂ ಬಗ್ಗುವುದಿಲ್ಲ.

ಸಿರ್ಸಿ ಪ್ರಧಾನ ಅಂಚೆ ಕಚೇರಿಯ ಕೌಂಟರಿನಲ್ಲಿರುವವರಿಗೆ ಈಗ ನನ್ನ ಮುಖ ಪರಿಚಯ. ಟ್ರ್ಯಾಕಿಂಗ್ ಇರುವ ಸೇವೆಯಲ್ಲೇ ಕಳಿಸುತ್ತೇನೆ, ಸಣ್ಣ ಪೊಟ್ಟಣಕ್ಕೆ ಹೊಂದುವ ಅಂತರರಾಷ್ಟ್ರೀಯ ಟ್ರ್ಯಾಕ್ಡ್ ಪ್ಯಾಕೆಟ್ ಅಂತ ಇದೆ, ಯಾವ್ಯಾವ ದೇಶಕ್ಕೆ ಅಂತ ಕೇಳಿಕೊಳ್ಳಿ. ರಫ್ತಿನ ಕಾಗದಪತ್ರಕ್ಕೆ ಡಾಕ್ ಘರ್ ನಿರ್ಯಾತ ಕೇಂದ್ರ ಅಂತ ಇಲಾಖೆಯೇ ಮಾಡಿದೆ. ಮನೆಯಲ್ಲೇ ಕಂಪ್ಯೂಟರಿನಲ್ಲಿ ವಿವರ ತುಂಬಿಸಿಕೊಂಡು ಹೋದರೆ ಕೌಂಟರಿನಲ್ಲಿ ಹೊತ್ತು ಹಿಡಿಯುವುದಿಲ್ಲ. ಕವರಿನ ಮೇಲೆ ಹಚ್ಚಲು ಜಾಗ ಇದ್ದಾಗ, ದೊಡ್ಡಪ್ಪನ ಹತ್ತಿರ ಬೇಕಾದಷ್ಟು ಇರುವ ಮಾಮೂಲಿ ಸ್ಟ್ಯಾಂಪ್‌ಗಳಲ್ಲೇ ಒಂದೆರಡು ಚಂದದ್ದನ್ನು ಸೇರಿಸುತ್ತೇನೆ. ಕೌಂಟರಿನವರು ಮುದ್ರೆಯನ್ನು ಶಾಯಿಗೆ ಒತ್ತಿ, ಒಮ್ಮೆ ರದ್ದಿ ಕಾಗದಕ್ಕೆ ಹೊಡೆದು ಹೆಚ್ಚಿನ ಶಾಯಿ ತೆಗೆದು, ಆಮೇಲೆ ಸ್ಟ್ಯಾಂಪಿನ ಮೂಲೆಗೆ ಮಾತ್ರ ತಾಗುವ ಹಾಗೆ ಮೆಲ್ಲಗೆ ಇಡುತ್ತಾರೆ. ಸಿರ್ಸಿ ಅನ್ನುವ ಹೆಸರು, ತಾರೀಖು ಸ್ಪಷ್ಟ ಓದುವ ಹಾಗೆ ಬೀಳುತ್ತದೆ. ನಾನು ಕೇಳಿದ್ದು ಮೊದಲ ಸಲ ಮಾತ್ರ, ಆಮೇಲೆ ಅವರೇ ಹಾಗೆ ಮಾಡುತ್ತಾರೆ. ಒಳಗಿನ ಸ್ಟ್ಯಾಂಪಿನ ಜೊತೆ ಆ ಕವರನ್ನೂ ಆಲ್ಬಮ್ಮಿಗೆ ಸೇರಿಸಿದ್ದೇವೆ ಅಂತ ಮೂರು ಜನ ಗ್ರಾಹಕರು ಬರೆದಿದ್ದಾರೆ.

ಅಮೆರಿಕಕ್ಕೆ ಕಳಿಸುವವರು ಸುಂಕದ ಸುದ್ದಿಯ ಮೇಲೆ ಕಣ್ಣಿಟ್ಟಿರಬೇಕು. 800 ಡಾಲರ್ ಒಳಗಿನ ಪೊಟ್ಟಣಕ್ಕೆ ಅಲ್ಲಿ ಇದ್ದ ಸುಂಕ ವಿನಾಯಿತಿ 2025ರ ಆಗಸ್ಟ್ 29ಕ್ಕೆ ಹೋಯಿತು. ನಮ್ಮ ಅಂಚೆಯವರು ಆ ದೇಶದ ಬುಕಿಂಗ್ ನಿಲ್ಲಿಸಿ, ಅಕ್ಟೋಬರ್ 15ರಿಂದ ಮತ್ತೆ ಶುರು ಮಾಡಿದರು. ಆ ಒಂದೂವರೆ ತಿಂಗಳು ನಾನು ಅಮೆರಿಕವನ್ನು ಪಟ್ಟಿಯಿಂದ ತೆಗೆದಿಟ್ಟೆ, ಬಂದ ಬಿಡ್‌ಗಳು ಅರ್ಧಕ್ಕೆ ಇಳಿದವು. ಒಂದೇ ದೇಶವನ್ನು ನೆಚ್ಚಿಕೊಳ್ಳಬಾರದು ಅಂತ ಆಗ ಗೊತ್ತಾಯಿತು. ಇಂಗ್ಲೆಂಡಿಗೆ 135 ಪೌಂಡ್ ಒಳಗಿನ ಮಾಲಿನ ವ್ಯಾಟ್, ಯುರೋಪಿಗೆ 150 ಯುರೋ ಒಳಗಿನದರ ವ್ಯಾಟ್, ಎರಡನ್ನೂ ಈಬೇಯೇ ಗ್ರಾಹಕರಿಂದ ಪಡೆದು ಕಟ್ಟುತ್ತದೆ. ಅದಕ್ಕೆ ಸಂಬಂಧಿಸಿದ ನಂಬರನ್ನು ಕಾಗದದಲ್ಲಿ ಸರಿಯಾಗಿ ತುಂಬಿಸುವುದಷ್ಟೇ ನಮ್ಮ ಕೆಲಸ.

ಅಭಿಪ್ರಾಯದ ವಿಷಯ. ಗ್ರಾಹಕ ನಮಗೆ ಒಳ್ಳೆಯದು, ಸಾಧಾರಣ, ಕೆಟ್ಟದ್ದು ಮೂರರಲ್ಲಿ ಯಾವುದನ್ನಾದರೂ ಕೊಡಬಹುದು. ನಾವು ಗ್ರಾಹಕರಿಗೆ ಕೆಟ್ಟದ್ದು ಕೊಡುವ ಹಾಗಿಲ್ಲ, 2008ರಿಂದ ಹಾಗೆ. ಗೆದ್ದು ದುಡ್ಡು ಕೊಡದೆ ಕಾಣೆಯಾಗುವವರು ಇರುತ್ತಾರೆ, ಅಂಥವರ ಬಗ್ಗೆ ತಾಣಕ್ಕೆ ತಿಳಿಸಿ ಮಾರಾಟ ರದ್ದು ಮಾಡಬಹುದು, ಅಷ್ಟೇ. ಇದು ಸಮನಾದ ವ್ಯವಸ್ಥೆ ಅಲ್ಲ ಅಂತ ನನ್ನ ಅಭಿಪ್ರಾಯ. ಆದರೂ ಒಂದು ಮಾತು ಹೇಳಬೇಕು. ಮೊದಲ ಹತ್ತು ಒಳ್ಳೆಯ ಅಭಿಪ್ರಾಯಕ್ಕೆ ಹೆಸರಿನ ಪಕ್ಕ ಒಂದು ಹಳದಿ ನಕ್ಷತ್ರ ಬರುತ್ತದೆ. ಅದು ಬಂದ ದಿನ ನಾನು ಪೇಟೆಗೆ ಹೋಗಿ ಸಿಹಿ ತಂದೆ. ದೊಡ್ಡಮ್ಮ ಪರದೆಗೆ ಕಣ್ಣು ಹತ್ತಿರ ಇಟ್ಟು ನೋಡಿ ‘ಅಡ್ಡಿಲ್ಲೆ’ ಅಂದರು.

ಹಳೇ ಮನೆಯ ಅಟ್ಟ ಹುಡುಕಿ ಹಿತ್ತಾಳೆ ದೀಪ, ವಿಗ್ರಹ, ತಾಳೆಗರಿ ಮಾರೋಣ ಅಂತ ಹೊರಡುವವರಿಗೆ ಒಂದು ಎಚ್ಚರಿಕೆ. 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ಕಲಾವಸ್ತು, ನಾಣ್ಯಗಳನ್ನೂ 75 ವರ್ಷ ದಾಟಿದ ಮಹತ್ವದ ಹಸ್ತಪ್ರತಿ, ದಾಖಲೆಗಳನ್ನೂ ನಾವು ಹೊರದೇಶಕ್ಕೆ ಕಳಿಸುವ ಹಾಗಿಲ್ಲ. ಗೊತ್ತಿಲ್ಲದೆ ಮಾಡಿದೆ ಅಂದರೆ ನಡೆಯುವುದಿಲ್ಲ. ಬೀಟೆ ಮರದ ಕೆತ್ತನೆ, ದಂತದ ವಸ್ತು ಕೂಡ ಮುಟ್ಟಬೇಡಿ. ನಾನು ಸ್ವಾತಂತ್ರ್ಯ ಬಂದ ಮೇಲಿನ ಸ್ಟ್ಯಾಂಪ್ ಬಿಟ್ಟು ಹಿಂದಕ್ಕೆ ಹೋಗುವುದಿಲ್ಲ.

ಇನ್ನು ನಮ್ಮ ಕಡೆಯವರಿಗೆ ಮಾತ್ರ ಇರುವ ಒಂದು ಸಮಸ್ಯೆ, ಮಳೆಗಾಲ. ಜೂನ್ ಹಿಡಿದ ಮೇಲೆ ಗಾಳಿಯಲ್ಲೇ ನೀರಿರುತ್ತದೆ. ಬಳಸದ ಸ್ಟ್ಯಾಂಪಿನ ಅಂಟು ತಾನಾಗಿ ಮೆತ್ತಗಾಗಿ ಒಂದಕ್ಕೊಂದು ಹಿಡಿದುಕೊಳ್ಳುತ್ತದೆ, ಬಿಡಿಸಲು ಹೋದರೆ ಹಿಂಭಾಗ ಕಿತ್ತು ಬರುತ್ತದೆ. ಕಂದು ಚುಕ್ಕೆ ಶುರುವಾಗುವುದೂ ಆಗಲೇ. ದೊಡ್ಡಪ್ಪ ಕಾರವಾರದ ಉಪ್ಪುಗಾಳಿಯಲ್ಲಿ ಇಷ್ಟು ವರ್ಷ ಇವನ್ನು ಹೇಗೆ ಉಳಿಸಿದರು ಅಂತ ಟ್ರಂಕಿನ ತಳ ನೋಡಿದಾಗ ತಿಳಿಯಿತು. ತಳದಲ್ಲಿ ಇದ್ದಿಲಿನ ಪುಟ್ಟ ಪುಟ್ಟ ಬಟ್ಟೆ ಗಂಟುಗಳು ಇದ್ದವು. ನಾನು ಸಿಲಿಕಾ ಜೆಲ್ ಚೀಲ ಹಾಕಿದ ಬಿಗಿ ಮುಚ್ಚಳದ ಡಬ್ಬ ಬಳಸುತ್ತೇನೆ, ಆದರೂ ಡಬ್ಬ ತೆರೆದಷ್ಟು ಹೊತ್ತೂ ತೇವ ಒಳಗೆ ಹೋಗುತ್ತದೆ. ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್ ತನಕ ಬಳಸಿದ ಸ್ಟ್ಯಾಂಪ್ ಮಾತ್ರ ಹಾಕುತ್ತೇನೆ, ಅವಕ್ಕೆ ಅಂಟಿನ ಭಯವಿಲ್ಲ. ಬಳಸದವುಗಳ ಫೋಟೋ, ವಿವರಣೆ ಎಲ್ಲವನ್ನೂ ಮಾರ್ಚ್, ಏಪ್ರಿಲ್‌ನ ಒಣ ಬಿಸಿಲಿನಲ್ಲೇ ಮಾಡಿ ಕರಡು ಉಳಿಸಿಟ್ಟು, ದೀಪಾವಳಿ ಕಳೆದ ಮೇಲೆ ಒಂದೊಂದಾಗಿ ಬಿಡುತ್ತೇನೆ. ಎರಡನೆಯ ಟ್ರಂಕು ಇನ್ನೂ ಅರ್ಧ ಇದೆ. ಮೂರನೆಯದರ ಬೀಗದ ಕೈ ದೊಡ್ಡಮ್ಮನ ಸೆರಗಿನ ತುದಿಯಲ್ಲೇ ಇದೆ.